ಖಾಲಿ ಪುಟ

ಮೊನ್ನೆ ಮೊಮ್ಮಗಳ ಕೈಗೆ ನನ್ನ ಹಳೆಯ ಡೈರಿ ಸಿಕ್ಕಿತು. "ತಾತ, ಎಲ್ಲಾ ಪುಟದಲ್ಲೂ ‘ಇಂದು ಇಲ್ಲ’ ಅಂತ ಬರೆದಿದ್ದೀಯ. ಇದೊಂದು ಪುಟ ಯಾಕೆ ಖಾಲಿ?" ಎಂದಳು. ಮುಚ್ಚಿಡಲು ಮನಸ್ಸಾಗಲಿಲ್ಲ.

ಬ್ಯಾಂಕಿನಲ್ಲಿದ್ದಾಗ ನಾನು ದಿನವೂ ಕುಡಿಯುತ್ತಿದ್ದೆ. ಒಮ್ಮೆ ಹಠದಿಂದ ಬಿಟ್ಟಾಗ ಕೈ ನಡುಗಿ ಪೆನ್ನು ಹಿಡಿಯಲಾಗಲಿಲ್ಲ. ನಮ್ಮವಳು ನನ್ನನ್ನು ಕ್ರೈಸ್ತ ಸಿಸ್ಟರ್‌ಗಳು ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ಕರೆದೊಯ್ದಳು. ನನ್ನ ಹಣೆಯಲ್ಲಿ ವಿಭೂತಿಯಿತ್ತು. ಅಲ್ಲಿ ಯಾರೂ ಜಾತಿ, ಮತ ಕೇಳಲಿಲ್ಲ. "ಇದು ಕಾಯಿಲೆ. ವೈದ್ಯರನ್ನು ಕೇಳದೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು" ಎಂದು ಡಾಕ್ಟರು ಮಾತ್ರೆ ಕೊಟ್ಟರು. ಆಸ್ಪತ್ರೆ ಸೇರುವ ಅಗತ್ಯ ಬೀಳಲಿಲ್ಲ. ಹಗಲು ಬ್ಯಾಂಕಿನ ಕೌಂಟರು, ಸಂಜೆ ಅಲ್ಲಿ ಆಪ್ತಸಮಾಲೋಚನೆ.

"ಜೀವಮಾನದ ಲೆಕ್ಕ ಬೇಡ. ಬ್ಯಾಂಕಿನಂತೆ ಆಯಾ ದಿನದ ಲೆಕ್ಕ ಆ ಸಂಜೆಯೇ ಮುಗಿಸಿ" ಎಂದರು ಸಿಸ್ಟರ್. ಡೈರಿ ಶುರುವಾದದ್ದು ಹಾಗೆ.

ನಾಲ್ಕನೇ ತಿಂಗಳು ಮತ್ತೆ ಕುಡಿದೆ. ಆ ಪುಟವೇ ಖಾಲಿ. ನಾಚಿಕೆಯಿಂದ ಮನೆಯಲ್ಲೇ ಕುಳಿತಾಗ ಸಿಸ್ಟರ್ ನಮ್ಮವಳ ಬಳಿ ಹೇಳಿಕಳಿಸಿದರು: "ಬಿದ್ದವರಿಗೇ ಅಲ್ಲವೇ ಈ ಬಾಗಿಲು?" ಮರುದಿನದ ಪುಟದಲ್ಲಿ ಮತ್ತೆ ‘ಇಂದು ಇಲ್ಲ’ ಎಂದಿದೆ.

ಮಕ್ಕಳೇ, ನಿಮ್ಮ ಮನೆಯಲ್ಲೂ ಹೀಗಿದ್ದರೆ ಅದು ನಿಮ್ಮ ತಪ್ಪಲ್ಲ. ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.