ಅಲೋಹಾ ನಾಡಿನಲ್ಲಿ ಬಂದೂಕು

ಹೊನೊಲುಲು ನಗರದ ಶಾಸನಭವನದ ನಡುವಣ ಅಂಗಳಕ್ಕೆ ಛಾವಣಿಯಿಲ್ಲ. ಸುತ್ತಲೂ ಸಮುದ್ರವನ್ನು ನೆನಪಿಸುವ ಕೊಳ; ತಾಳೆಮರಗಳಂತೆ ಮೇಲೇರಿದ ಕಂಬಗಳು; ಮೇಲೆ ಬರಿಯ ಆಕಾಶ. ಪೆಸಿಫಿಕ್ ಸಾಗರದ ಗಾಳಿಯೂ ಮಳೆಯೂ ಯಾರ ಅಪ್ಪಣೆಯನ್ನೂ ಕೇಳದೆ ಒಳಬರುತ್ತವೆ. ಇಷ್ಟು ತೆರೆದ ಮನೆಗೆ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಲು ಹವಾಯಿಯ ಜನರಿಗೆ ಅಂತಹ ಆತುರವೇನೂ ಇಲ್ಲ. ಅಮೆರಿಕದ 50 ರಾಜ್ಯಗಳ ಪೈಕಿ ಮತದಾನದಲ್ಲಿ ಈ ದ್ವೀಪರಾಜ್ಯ ಹಲವು ಬಾರಿ ಕಟ್ಟಕಡೆಯ ಸ್ಥಾನದಲ್ಲಿದೆ. 2016ರ ಚುನಾವಣೆಯ ಬಳಿಕ ಮೇಲ್ಮನೆಯ 25 ಸ್ಥಾನಗಳೂ ಒಂದೇ ಪಕ್ಷದ ಕೈಯಲ್ಲಿದ್ದವು.

ಶಸ್ತ್ರ ಹೊಂದುವ ಹಕ್ಕನ್ನು ಸಾರುವ ಅಮೆರಿಕ ಸಂವಿಧಾನದ ವಾಕ್ಯ ಹವಾಯಿಯ ಸಂವಿಧಾನದಲ್ಲಿಯೂ ಇದೆ. ಮುಖ್ಯಭೂಮಿಯ ಎಷ್ಟೋ ರಾಜ್ಯಗಳಲ್ಲಿ ಆ ವಾಕ್ಯವೇ ಅಭ್ಯರ್ಥಿಗಳನ್ನು ಗೆಲ್ಲಿಸುತ್ತದೆ, ಸೋಲಿಸುತ್ತದೆ. ಇಲ್ಲಿ ಅದರ ಸದ್ದೇ ಕಡಿಮೆ. ಬಂದೂಕುಗಳಿಲ್ಲವೆಂದಲ್ಲ, ಕಾಡುಹಂದಿಯ ಬೇಟೆ ಇಲ್ಲಿನ ಬೆಟ್ಟಗಳಲ್ಲಿ ವಾಡಿಕೆಯದೇ. ಕೊಳ್ಳುವ ಮುನ್ನ ಪೊಲೀಸರ ಪರವಾನಗಿ, ಕೊಂಡ ಮೇಲೆ ನೋಂದಣಿ. ಜನ ಎರಡನ್ನೂ ಮಾಡಿಸಿಕೊಂಡು ತಮ್ಮ ಪಾಡಿಗೆ ಇರುತ್ತಾರೆ. ಹೆಬ್ಬೆರಳು ಕಿರುಬೆರಳುಗಳನ್ನು ಚಾಚಿ ಕೈಯಾಡಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುವ ನಾಡು ಅದು.

ಜಗಳ ಮುಗಿಸಲೊಪ್ಪದವರು ಒಬ್ಬರಿದ್ದರು. ಸದಾ ಮಳೆ ಸುರಿಯುವ ಹಿಲೋ ಪಟ್ಟಣದ ನಿವೃತ್ತ ಸೈನಿಕ ಜಾರ್ಜ್ ಯಂಗ್ ಬಂದೂಕು ಹೊತ್ತು ಸಾರ್ವಜನಿಕವಾಗಿ ಓಡಾಡಲು 2011ರಲ್ಲಿ ಪರವಾನಗಿ ಕೇಳಿದರು, ಸಿಗಲಿಲ್ಲ. ಮರುವರ್ಷ ವಕೀಲರಿಲ್ಲದೆ ತಾವೇ ದಾವೆ ಹೂಡಿದರು. 2021ರಲ್ಲಿ ಮೇಲ್ಮನವಿ ನ್ಯಾಯಾಲಯದ ವಿಸ್ತೃತ ಪೀಠ 7–4ರ ಬಹುಮತದಿಂದ ಅವರ ವಾದವನ್ನು ತಳ್ಳಿಹಾಕಿತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ನ್ಯೂಯಾರ್ಕ್ ರಾಜ್ಯದ ಮೊಕದ್ದಮೆಯೊಂದರಲ್ಲಿ ನೀಡಿದ ತೀರ್ಪಿನಿಂದ ಅದೂ ಬಿದ್ದುಹೋಯಿತು. 2023ರಲ್ಲಿ ಶಾಸನಸಭೆ ಕಡಲತೀರ, ಉದ್ಯಾನಗಳಿಗೆ ಬಂದೂಕು ಒಯ್ಯುವುದನ್ನು ನಿಷೇಧಿಸಿ ಹೊಸ ಕಾನೂನು ತಂದಿತು. ಅದರ ಮೇಲೂ ದಾವೆ. ಅಲೋಹಾ ಎಂಬ ಪ್ರೀತಿಯ ಮನೋಧರ್ಮಕ್ಕೆ ಆಯುಧ ಹೊತ್ತು ತಿರುಗುವ ಬದುಕು ಹೊಂದದು ಎಂದು ರಾಜ್ಯದ ಉಚ್ಚ ನ್ಯಾಯಪೀಠ 2024ರಲ್ಲಿ ಬೇರೊಂದು ಪ್ರಕರಣದಲ್ಲಿ ಬರೆಯಿತು. ಬಹುಮಂದಿಯ ಮನಸ್ಸೂ ಅದೇ ಇದ್ದೀತು. ಆದರೆ ಹಕ್ಕು ಬೇಕೆಂದಾಗಲಿ ಬೇಡವೆಂದಾಗಲಿ ಊರು ಬಾಯಿಬಿಟ್ಟು ಹೇಳದೆ ಕುಳಿತಿದ್ದಾಗ, 7,700 ಕಿಲೋಮೀಟರಿಗೂ ದೂರದ ವಾಷಿಂಗ್ಟನ್ನಿನಲ್ಲಿ ಅದರ ಲೆಕ್ಕ ಚುಕ್ತಾ ಆಗತೊಡಗಿತ್ತು.

ಈ ಮೌನವನ್ನು ಬರಿಯ ಸೋಮಾರಿತನವೆಂದು ಕರೆಯುವ ಮುನ್ನ ಶಾಸನಭವನದ ಪಕ್ಕದ ಇಯೊಲಾನಿ ಅರಮನೆಯನ್ನೂ ನೋಡಬೇಕು. 1893ರ ಜನವರಿಯಲ್ಲಿ ಅಮೆರಿಕದ ಯುದ್ಧನೌಕೆಯಿಂದ ಸಶಸ್ತ್ರ ಸೈನಿಕರು ಇಳಿದು ಬಂದರು. ರಾಣಿ ಲಿಲಿಯುಓಕಲಾನಿ ರಕ್ತಪಾತ ಬೇಡವೆಂದು ಅಧಿಕಾರ ಬಿಟ್ಟುಕೊಟ್ಟರು. ಎರಡು ವರ್ಷಗಳ ಬಳಿಕ ಅವರ ಬೆಂಬಲಿಗರು ಬಂದೂಕು ಹಿಡಿದು ಸೋತರು. ರಾಣಿಯ ಮನೆಯ ತೋಟದಲ್ಲಿ ಹೂತಿಟ್ಟಿದ್ದ ಆಯುಧಗಳು ಸಿಕ್ಕವು. ವಿಚಾರಣೆ ನಡೆದು, ಅವರ ಅರಮನೆಯ ಮಹಡಿಯ ಕೋಣೆಯೇ ಅವರಿಗೆ ಸೆರೆಮನೆಯಾಯಿತು. ಅಲ್ಲಿ ಅವರು ತಿಂಗಳುಗಟ್ಟಲೆ ಕುಳಿತು ರೇಷ್ಮೆಯ ಚೂರುಗಳನ್ನು ಜೋಡಿಸಿ ಕೌದಿ ಹೊಲಿದರು. ಆ ಕೌದಿಯನ್ನು ಅದೇ ಕೋಣೆಯಲ್ಲಿ ಗಾಜಿನ ಹಿಂದೆ ಹಾಸಿ ಇಟ್ಟಿದ್ದಾರೆ.