ಬಟ್ಟಲು ತಿಂದವರ ಊರಿನಲ್ಲಿ

ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ ಪ್ರಾಡೊ ಎಂಬ ದೊಡ್ಡ ಚಿತ್ರಶಾಲೆಯಿದೆ. ವೆಲಾಸ್ಕೆಸ್ 1656ರಲ್ಲಿ ಬರೆದ ‘ಲಾಸ್ ಮೆನಿನಾಸ್’ ಚಿತ್ರವನ್ನು ಅಲ್ಲಿ ಬಹಳ ಹೊತ್ತು ನೋಡಿದೆ. ಎಲ್ಲರ ಕಣ್ಣೂ ನಡುವೆ ನಿಂತ ಐದು ವರ್ಷದ ರಾಜಕುಮಾರಿ ಮಾರ್ಗರೀಟಳ ಮೇಲೆ. ಮಕ್ಕಳೇ, ನೀವು ಅವಳ ಪಕ್ಕದಲ್ಲಿ ಮಂಡಿಯೂರಿದ ಸಖಿಯ ಕೈ ನೋಡಿ. ತಟ್ಟೆಯಲ್ಲಿ ಪುಟ್ಟದೊಂದು ಕೆಂಪು ಮಣ್ಣಿನ ಬಟ್ಟಲಿದೆ. ಅದರ ಹೆಸರು ಬೂಕರೊ.

ನಮ್ಮ ಮಡಕೆಯ ಹಾಗೆ ಅದೂ ನೀರನ್ನು ತಣ್ಣಗಿಟ್ಟು ಮಣ್ಣಿನ ಘಮ ಕೊಡುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆ ಕಾಲದ ಎಷ್ಟೋ ಹೆಂಗಸರು ನೀರು ಕುಡಿದು ಬಟ್ಟಲನ್ನೇ ಕಟುಂ ಕಟುಂ ಎಂದು ಹಪ್ಪಳದಂತೆ ತಿನ್ನುತ್ತಿದ್ದರು! ಕೆಲವರಿಗೆ ಅದು ಔಷಧ, ಕೆಲವರಿಗೆ ಚಟ. ಮುಖ ಬಿಳಿಚಿಕೊಂಡರೆ ಅಂದ ಎಂಬ ಹುಚ್ಚು ಬೇರೆ.

ಕವಿಗಳು ಸುಮ್ಮನಿರುತ್ತಾರೆಯೇ? ಬಾಯಲ್ಲಿ ಬೂಕರೊ ಚೂರು ಇಟ್ಟುಕೊಂಡ ಚೆಲುವೆಯ ಮೇಲೆ ಕೆವೆದೊ ಪದ್ಯ ಕಟ್ಟಿದ. ಅವನ ಬದ್ಧವೈರಿ ಗೊಂಗೊರಾ ಕೂಡ ಕೆಂಪು ಮಣ್ಣು ತಿನ್ನುವವರನ್ನು ಗೇಲಿ ಮಾಡಿದ.

ಪ್ರಾಡೊದಿಂದ ನಡೆದೇ ಹೋಗುವಷ್ಟು ದೂರದಲ್ಲಿ ಕವಿಗಳ ಬಡಾವಣೆಯಿದೆ. ಅಲ್ಲಿ ಲೋಪೆ ದೆ ವೇಗಾನ ಮನೆ ಇರುವುದು ಸೆರ್ವಾಂಟಿಸ್ ಹೆಸರಿನ ಬೀದಿಯಲ್ಲಿ. ಸೆರ್ವಾಂಟಿಸ್‌ನನ್ನು ಮಣ್ಣು ಮಾಡಿದ್ದು ಲೋಪೆ ಹೆಸರಿನ ಬೀದಿಯಲ್ಲಿ! ಬ್ಯಾಂಕಿನಲ್ಲಿ ಹೀಗೆ ಖಾತೆ ಅದಲುಬದಲಾಗಿದ್ದರೆ ಮ್ಯಾನೇಜರ್ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಈ ಲೋಪೆಯ ‘ಮ್ಯಾಡ್ರಿಡ್‌ನ ಉಕ್ಕು’ ಎಂಬ ನಾಟಕದಲ್ಲಿ ಬೆಲಿಸಾ ಎಂಬ ಹುಡುಗಿ ಮಣ್ಣು ತಿಂದವರ ಕಾಯಿಲೆ ನಟಿಸುತ್ತಾಳೆ. ಅದಕ್ಕೆ ಆಗಿನ ಮದ್ದು ಉಕ್ಕಿನ ನೀರು. ಕಾದ ಉಕ್ಕನ್ನು ನೀರಿನಲ್ಲಿ ಅದ್ದಿ, ಆ ನೀರನ್ನು ಬೆಳಿಗ್ಗೆ ಕುಡಿದು, ದೂರ ನಡೆಯಬೇಕು. ಬಿಗಿ ಕಾವಲಿನ ಮನೆಯಿಂದ ಹೊರಬಂದು ನಲ್ಲನನ್ನು ಕಾಣಲು ಅವಳಿಗೆ ಬೇಕಿದ್ದದ್ದೂ ಆ ನಡಿಗೆಯೇ. ವೈದ್ಯನೂ ನಕಲಿ, ನಲ್ಲನ ಸೇವಕ!

ನಾಟಕ ನಗಿಸಲಿ, ಮದ್ದು ಮಾತ್ರ ನಗುವಂಥದ್ದಲ್ಲ. ರಕ್ತದಲ್ಲಿ ಕಬ್ಬಿಣ ಕಡಿಮೆಯಾದವರಿಗೆ ಮಣ್ಣು ತಿನ್ನುವ ಆಸೆ ಹುಟ್ಟುವುದುಂಟು. ತಿಂದ ಮಣ್ಣು ಊಟದ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ರಕ್ತದಲ್ಲಿ ಕಬ್ಬಿಣವಿದೆ ಎಂದೇ ಆಗಿನವರಿಗೆ ಗೊತ್ತಿರಲಿಲ್ಲ. ಆದರೂ ವೈದ್ಯರ ಕೈ ಸರಿಯಾದ ಡಬ್ಬಿಗೇ ಹೋಗಿತ್ತು.

ನಮ್ಮಲ್ಲೂ ಬಳಪ ಕಡಿಯುವ ಮಕ್ಕಳಿಲ್ಲವೇ? ಅಜ್ಜ ಅಜ್ಜಿಯರೇ, ಗದರುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಬಳಪಪ್ರಿಯೆ ನನ್ನ ಮೊಮ್ಮಗಳ ಹಿಮೋಗ್ಲೋಬಿನ್ 9 ಇತ್ತು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಿದ್ದಳಂತೆ. ಬೆಲಿಸಾಳ ಕಥೆ ಹೇಳಿದೆ.

“ಮಾತ್ರೆ ನುಂಗಿದ್ರೆ ನನ್ನನ್ನೂ ವಾಕಿಂಗ್ ಕರ್ಕೊಂಡು ಹೋಗ್ತೀಯಾ ತಾತ?” ಎಂದಳು.

ಈಗ ಡಾಕ್ಟರು ಹೇಳಿದಂತೆ ಮಾತ್ರೆ ನುಂಗುತ್ತಾಳೆ. ಸಂಜೆ ಇಬ್ಬರೂ ಕೆರೆ ಏರಿಯವರೆಗೆ ನಡೆಯುತ್ತೇವೆ. ಮೊದಲು ಸುಸ್ತಾಗುವುದು ನಾನೇ.