ಗಾಜಿನ ತೊಟ್ಟಿ ಕಲಿಸಿದ ಪಾಠ

ನಮ್ಮದು ಮೂರು ತಲೆಮಾರು ಒಟ್ಟಿಗೆ ಬಾಳುತ್ತಿರುವ ಮನೆ. ಐದನೆಯ ಇಯತ್ತೆ ಓದುವ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ನನ್ನ ಮಗ ಒಂದು ದಿನ ಗಾಜಿನ ತೊಟ್ಟಿಯೊಂದನ್ನೂ ಅದರೊಡನೆ ಆರು ಪುಟ್ಟ ಮೀನುಗಳನ್ನೂ ತಂದನು. “ಮನ್ಯಾಗ ಮೀನ?” ಎಂದು ನನ್ನಾಕೆ ಮೊದಲು ಹಿಂಜರಿದಳು. ಮೀನೆಂಬ ಮಾತನ್ನೂ ಅಡುಗೆಮನೆಯ ಹತ್ತಿರ ಆಡದ ಮನೆತನ ನಮ್ಮದು. ಇವು ಕೇವಲ ನೋಡಿ ಸಾಕುವ ಜೀವಿಗಳೆಂದು ತಿಳಿದ ಮೇಲೆ ಅವಳೇ ಪಡಸಾಲೆಯ ಕಟ್ಟೆಯ ಮೇಲೆ ಸ್ಥಳ ಮಾಡಿಕೊಟ್ಟಳು.

ಆ ಮೀನುಗಳ ಹೆಸರು ಗಪ್ಪಿ. ಐದು ಮೀನುಗಳು ಕಿರುಬೆರಳಿನ ಅರ್ಧದಷ್ಟಿದ್ದು, ಕೆಂಪು, ನೀಲಿ, ಹಳದಿ ಬಣ್ಣಗಳ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ತಿರುಗುತ್ತಿದ್ದವು. ಆರನೆಯದು ಅವುಗಳಿಗಿಂತ ದೊಡ್ಡದು; ಆದರೆ ಬೂದುಬಣ್ಣದ ಸಾಧಾರಣ ಮೀನು. ಮೊಮ್ಮಗಳು ನನ್ನ ಕೈಹಿಡಿದು ತೊಟ್ಟಿಯ ಮುಂದೆ ಕೂಡಿಸಿ, “ಅಜ್ಜಾ, ಇವುದರಾಗ ಹೆಣ್ಣ ಯಾವುದು, ಗಂಡ ಯಾವುದು?” ಎಂದು ಕೇಳಿದಳು.

ಬಾಲ್ಯದಿಂದ ಮಠದಲ್ಲಿದ್ದು ಓದಿದವನು ನಾನು. ವ್ಯಾಕರಣ, ಕಾವ್ಯ, ಶಾಸ್ತ್ರಗಳಲ್ಲಿ ನಾಲ್ಕು ಜನ ಕೇಳಿದ್ದಕ್ಕೆ ಉತ್ತರ ಹೇಳಿ ಬದುಕಿದವನು. ಕೇಳಿದವರಿಗೆ ಇಲ್ಲವೆನ್ನದೆ ಹೇಳುವ ಅಭ್ಯಾಸ ನಾಲಗೆಗೆ ಅಂಟಿಕೊಂಡಿತ್ತು. “ಚೆಂದ ಚೆಂದ ಬಣ್ಣದ್ದವೆಲ್ಲ ಹೆಣ್ಣು, ತಂಗಿ. ಆ ದೊಡ್ಡದು ಗಂಡು” ಎಂದುಬಿಟ್ಟೆ. ಸೀರೆಯ ಬಣ್ಣ, ಒಡವೆಯ ಹೊಳಪು, ಕವಿಗಳ ವರ್ಣನೆ ಇವೆಲ್ಲ ಸೇರಿ ನನ್ನಿಂದ ಆ ಮಾತನ್ನು ಆಡಿಸಿದವು. ಅಂಗಳದ ಹುಂಜವನ್ನೂ ಹೊಲದ ಬದುವಿನ ಗಂಡು ನವಿಲನ್ನೂ ಅರವತ್ತು ವರ್ಷ ಕಣ್ಣಾರೆ ಕಂಡಿದ್ದರೂ ಆ ಹೊತ್ತಿಗೆ ಅವು ನೆನಪಿಗೆ ಬರಲಿಲ್ಲ.

ಎರಡು ವಾರಗಳು ಕಳೆದವು. ಬಣ್ಣದ ಐದೂ ಮೀನುಗಳು ಆ ದೊಡ್ಡ ಮೀನನ್ನು ಹಗಲೆಲ್ಲ ಬೆನ್ನಟ್ಟತೊಡಗಿದವು. ಅದು ನೀರುಗಿಡಗಳ ಮರೆಯಲ್ಲಿ, ತೊಟ್ಟಿಯ ಮೂಲೆಯಲ್ಲಿ ಅಡಗಿ ನಿಲ್ಲುತ್ತಿತ್ತು. ಆಹಾರಕ್ಕೆಂದು ಮೇಲೆ ಬಂದರೆ ಮತ್ತೆ ಅಟ್ಟಿಸಿಕೊಂಡು ಹೋಗುತ್ತಿದ್ದವು. ಅದರ ಬಾಲದ ಅಂಚು ಹರಿದಿತ್ತು. ಮೊಮ್ಮಗಳು ಮರುಗಿದಾಗ, “ಗಂಡು ಮೀನು ಗಟ್ಟಿ ಇರತದ, ಏನೂ ಆಗೂದಿಲ್ಲ” ಎಂದು ಸಮಾಧಾನ ಹೇಳಿದೆ. ಮೊದಲನೆಯ ತಪ್ಪು ಎರಡನೆಯ ತಪ್ಪನ್ನು ಹೆತ್ತಿತು.

ಆ ಸಮಯಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದನು. ಈಗ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾನೆ. ಕೈಕಾಲು ತೊಳೆದು ಕುಳಿತವನು ತೊಟ್ಟಿಯ ಕಡೆಗೊಮ್ಮೆ ನೋಡಿ ಎದ್ದು ಬಂದು, “ಗುರುಗಳ, ತಪ್ಪ ತಿಳೀಬ್ಯಾಡ್ರಿ. ಈ ದೊಡ್ಡದೊಂದ ಹೆಣ್ಣು. ಉಳಿದ ಐದೂ ಗಂಡು. ಹಿಂಗ ಒಂದ ಕಡೆ ಇಟ್ಟರ ಇದು ಬದುಕೂದಿಲ್ಲರಿ” ಎಂದನು. ಮೊಮ್ಮಗಳು ನನ್ನ ಮುಖ ನೋಡಿದಳು.

ಅಂದು ಅವನು ನನಗೂ ಅವಳಿಗೂ ಒಟ್ಟಿಗೆ ಪಾಠ ಹೇಳಿದನು. ಗಪ್ಪಿಯಲ್ಲಿ ಬಣ್ಣವೂ ಉದ್ದನೆಯ ಬಾಲವೂ ಗಂಡಿನವು. ಹೆಣ್ಣು ಗಾತ್ರದಲ್ಲಿ ದೊಡ್ಡದು, ಹೊಟ್ಟೆ ದುಂಡಗೆ. ಆದರೆ ಎಳೆಯ ಮೀನಿನಲ್ಲಿ ಬಣ್ಣವಾಗಲಿ ಗಾತ್ರವಾಗಲಿ ಮೋಸ ಮಾಡಬಹುದು. ನಂಬತಕ್ಕ ಗುರುತು ಹೊಟ್ಟೆಯ ಕೆಳಗೆ, ಮಲದ್ವಾರದ ಹಿಂದಿರುವ ಈಜುರೆಕ್ಕೆ. ಹೆಣ್ಣಿನಲ್ಲಿ ಅದು ಸಣ್ಣ ಬೀಸಣಿಗೆಯಂತೆ ತ್ರಿಕೋನಾಕಾರವಾಗಿರುತ್ತದೆ. ಗಂಡಿನಲ್ಲಿ ಅದೇ ರೆಕ್ಕೆಯ ಮೂರು, ನಾಲ್ಕು ಮತ್ತು ಐದನೆಯ ಕಡ್ಡಿಗಳು ಉದ್ದವಾಗಿ ಬೆಳೆದು, ರೆಕ್ಕೆಯು ತೆಳ್ಳನೆಯ ಕೋಲಿನಂತಾಗಿ ಹಿಂದಕ್ಕೆ ಒರಗಿರುತ್ತದೆ. ಸಂತಾನಕಾರ್ಯಕ್ಕಾಗಿ ಆದ ಮಾರ್ಪಾಡು ಅದು. ಹೆಣ್ಣಿಗೆ ಮತ್ತೊಂದು ಗುರುತೂ ಉಂಟು: ಆ ರೆಕ್ಕೆಯ ಬುಡದ ಹತ್ತಿರ ಕಪ್ಪಾದ ಒಂದು ಮಚ್ಚೆ. ಬಸಿರು ಬಲಿತಂತೆ ಅದು ಹಿಗ್ಗಿ ಕಪ್ಪೇರುತ್ತದೆ. ನಮ್ಮ ಮೀನಿನಲ್ಲಿ ಅದು ಇದ್ದಿಲಿನಷ್ಟು ಕಪ್ಪಾಗಿತ್ತು. ದಿನವೂ ಎದುರಿಗೆ ಕುಳಿತು ನೋಡಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ದಕ್ಷಿಣ ಅಮೆರಿಕದ ಈಶಾನ್ಯ ಭಾಗವೂ ಟ್ರಿನಿಡಾಡ್ ದ್ವೀಪವೂ ಈ ಮೀನಿನ ಮೂಲ ನೆಲೆ. 1866ರಲ್ಲಿ ಟ್ರಿನಿಡಾಡಿನಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಇದರ ಮಾದರಿಗಳನ್ನು ಕಳಿಸಿದ ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿ ಎಂಬಾತನ ಹೆಸರೇ ಇದಕ್ಕೆ ನಿಂತಿತು. ಸೊಳ್ಳೆಯ ಮರಿಗಳನ್ನು ತಿನ್ನುವುದರಿಂದ ಮಲೇರಿಯ ತಡೆಗಾಗಿ ನಮ್ಮ ರಾಜ್ಯದ ಬಾವಿಗಳಲ್ಲಿಯೂ ಇದನ್ನು ಬಿಟ್ಟಿದ್ದಾರೆ. ಗಂಡಿನ ಬಣ್ಣ ಹೆಣ್ಣನ್ನು ಒಲಿಸಲು. ಆದರೆ ಅದೇ ಬಣ್ಣ ಶತ್ರುವಿನ ಕಣ್ಣನ್ನೂ ಸೆಳೆಯುತ್ತದೆ. ತಿನ್ನುವ ಮೀನುಗಳು ಹೆಚ್ಚಿರುವ ಹೊಳೆಗಳಲ್ಲಿ ಗಂಡು ಗಪ್ಪಿಗಳು ಮಂಕಾಗಿಯೂ, ಕಡಿಮೆ ಇರುವಲ್ಲಿ ಬಣ್ಣಬಣ್ಣವಾಗಿಯೂ ಬೆಳೆಯುವುದನ್ನು ಜಾನ್ ಎಂಡ್ಲರ್ ಎಂಬ ವಿಜ್ಞಾನಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾನೆ. ಹೆಣ್ಣಿನ ಬೂದುಬಣ್ಣ ಕೊರತೆಯಲ್ಲ. ಒಡಲಲ್ಲಿ ಮರಿಗಳನ್ನು ಹೊತ್ತು ತಿರುಗುವ ಜೀವಕ್ಕೆ ಅದೊಂದು ಮರೆ.

ಆ ಸಂಜೆಯೇ ಹೆಣ್ಣು ಮೀನನ್ನು ಬೇರೊಂದು ಗಾಜಿನ ಪಾತ್ರೆಗೆ ಬಿಟ್ಟು, ನೀರುಗಿಡ ಹಾಕಿದೆವು. ರಾತ್ರಿ ಮೊಮ್ಮಗಳನ್ನು ಹತ್ತಿರ ಕರೆದು, “ನನಗೆ ಗೊತ್ತಿರಲಿಲ್ಲ, ತಂಗಿ. ಗೊತ್ತಿಲ್ಲ ಅನ್ನಲಿಲ್ಲ. ಅದು ನನ್ನ ತಪ್ಪು” ಎಂದೆ. ನೂರಾರು ಜನರ ಮುಂದೆ ಉಪನ್ಯಾಸ ಮಾಡಿದವನಿಗೆ ಹತ್ತು ವರ್ಷದ ಮಗುವಿನ ಮುಂದೆ ಅಷ್ಟು ಮಾತಾಡುವುದು ಕಷ್ಟವಾಯಿತು. ತಿಳಿಯದ್ದನ್ನು ತಿಳಿಯದೆಂದು ಒಪ್ಪುವುದೂ ವಿದ್ಯೆಯ ಒಂದು ಭಾಗವೆಂದು ಮಠದಲ್ಲಿ ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ಅದನ್ನು ಇತರರಿಗೆ ಹೇಳುತ್ತ ಬಂದವನು ಸ್ವತಃ ಮರೆತಿದ್ದೆ.

ಎಂಟನೆಯ ದಿನ ಬೆಳಗ್ಗೆ ಗಿಡದ ಎಲೆಗಳ ನಡುವೆ ಕಣ್ಣಷ್ಟೇ ಕಾಣುವ ಹನ್ನೊಂದು ಮರಿಗಳಿದ್ದವು. ಗಪ್ಪಿ ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಮೀನು. ತಾಯಿಯೇ ಮರಿಗಳನ್ನು ತಿಂದುಬಿಡುವುದುಂಟೆಂದು ವಿದ್ಯಾರ್ಥಿ ಎಚ್ಚರಿಸಿದ್ದರಿಂದ ತಾಯಿಯನ್ನು ಬೇರ್ಪಡಿಸಿದೆವು. ಮರಿಗಳು ಉಳಿದವು. ಆದರೆ ಹರಿದ ಬಾಲ ಮಾಯಲಿಲ್ಲ. ನಾಲ್ಕು ದಿನ ತಳದಲ್ಲಿ ಮಲಗಿದ್ದು ತಾಯಿ ಸತ್ತುಹೋಯಿತು. ಮಲ್ಲಿಗೆ ಬಳ್ಳಿಯ ಬುಡದಲ್ಲಿ ಅದನ್ನು ಮಣ್ಣುಮಾಡುವಾಗ ಮೊಮ್ಮಗಳು, “ಮೊದಲ ಗೊತ್ತಾಗಿದ್ದರ ಉಳೀತಿತ್ತು, ಹೌದಲ್ಲ ಅಜ್ಜಾ?” ಎಂದಳು. ಹೌದೆಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ.

ಹುಟ್ಟಿದಾಗ ಮರಿಗಳೆಲ್ಲ ಒಂದೇ ತೆರ. ಎಲ್ಲಕ್ಕೂ ಬೀಸಣಿಗೆಯಂಥ ರೆಕ್ಕೆ. ಗಂಡಾಗುವ ಮರಿಗಳಲ್ಲಿ ಮಾತ್ರ ಅದು ಕ್ರಮೇಣ ಕೋಲಾಗುತ್ತದೆ. ಮೊಮ್ಮಗಳು ವಹಿಯೊಂದರಲ್ಲಿ ದಿನವೂ ಬರೆದಿಟ್ಟಳು. ಒಂದೂವರೆ ತಿಂಗಳು ಕಾದ ಮೇಲೆ ನಾಲ್ಕು ಗಂಡು, ಏಳು ಹೆಣ್ಣು ಎಂದು ನಿಶ್ಚಯವಾಯಿತು. ಅಲ್ಲಿಯವರೆಗೆ ಯಾರು ಕೇಳಿದರೂ, “ಇನ್ನೂ ಗೊತ್ತಾಗಿಲ್ಲರಿ” ಎಂದೇ ಅವಳು ಉತ್ತರಿಸಿದಳು. ಅವಳು ಆ ಮಾತು ಹೇಳುವಾಗ ನನಗೆ ಎಷ್ಟು ಸಂತೋಷವಾಗುತ್ತಿತ್ತೆಂಬುದನ್ನು ಬರೆದು ತಿಳಿಸಲಾರೆ.

ಮಕ್ಕಳಿಗಾಗಿ ಮೀನು ತರುವ ಹಿರಿಯರಲ್ಲಿ ನನ್ನದೊಂದು ಬಿನ್ನಹ. ತರುವ ಮೊದಲೇ ಗುರುತು ತಿಳಿದುಕೊಳ್ಳಿರಿ. ಗಪ್ಪಿಯಂತೆಯೇ ಮೊಲಿ, ಪ್ಲಾಟಿ, ಕತ್ತಿಬಾಲದ ಮೀನುಗಳಲ್ಲಿಯೂ ಕೆಳಗಿನ ರೆಕ್ಕೆಯೇ ಗುರುತು. ಜೀಬ್ರಾ ಮೀನಿನಲ್ಲಿ ಗಂಡು ತೆಳ್ಳಗೆ, ಹೆಣ್ಣಿನ ಹೊಟ್ಟೆ ದುಂಡಗೆ. ಏಂಜಲ್ ಮೀನಿನಲ್ಲಿ ಮೊಟ್ಟೆಯಿಡುವ ಕಾಲದವರೆಗೆ ಬಲ್ಲವರೂ ಖಚಿತವಾಗಿ ಹೇಳಲಾರರು. ಗಪ್ಪಿಗಳನ್ನು ಕೂಡಿಡುವುದಾದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳಿರಲಿ. ಇಲ್ಲವೆ ಗಂಡುಗಳನ್ನಷ್ಟೇ ಸಾಕಿರಿ. ಹೆಣ್ಣು ಒಮ್ಮೆ ಕೂಡಿದ ಮೇಲೆ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕಬಲ್ಲದು. ಆದ್ದರಿಂದ ತೊಟ್ಟಿ ಬೇಗ ತುಂಬುತ್ತದೆ. ಹೆಚ್ಚಾದವನ್ನು ಕೆರೆಗೋ ಹಳ್ಳಕ್ಕೋ ಸುರಿಯಬೇಡಿರಿ. ಅಲ್ಲಿಯ ಮೂಲ ಮೀನುಗಳಿಗೆ ಅದರಿಂದ ಕೇಡು.

ನಮ್ಮ ಪಡಸಾಲೆಯಲ್ಲಿ ಈಗ ಎರಡು ತೊಟ್ಟಿಗಳಿವೆ. ಒಂದು ಹೆಣ್ಣುಗಳಿಗೆ, ಒಂದು ಗಂಡುಗಳಿಗೆ. ಬಂದ ನೆಂಟರು ಬಣ್ಣದ ತೊಟ್ಟಿಯ ಮುಂದೆಯೇ ನಿಲ್ಲುತ್ತಾರೆ. ನನ್ನಾಕೆ ಮಾತ್ರ ಬೆಳಗಿನ ಆಹಾರವನ್ನು ಮೊದಲು ಬೂದುಬಣ್ಣದವುಗಳ ತೊಟ್ಟಿಗೆ ಹಾಕುತ್ತಾಳೆ. ಏಕೆಂದು ನಾನು ಕೇಳಿಲ್ಲ.